ಹುಬ್ಬಳ್ಳಿ ಟೈಮಿನಲ್ಲಿ ಕೂತ ಬಿಲ್ಲು

ವಿಮಾನ ನಿಲ್ದಾಣ

ಸೆಪ್ಟೆಂಬರ್ ೨೮, ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಕೈಗವಸು ಹಾಕಿಕೊಂಡ ಅಧಿಕಾರಿಯೊಬ್ಬರು ನನ್ನ ಸೂಟ್‌ಕೇಸಿನಿಂದ ಬನ್ನಿ ಎಲೆಯ ಪೊಟ್ಟಣವನ್ನು ಎತ್ತಿ ಹಿಡಿದು, ಇದೇನು ಎಂದು ಕೇಳಿದರು. ದಸರೆಯ ದಿನ ಇದು ಬಂಗಾರ ಎಂದೆ. ಅವರು ಪೊಟ್ಟಣವನ್ನು ತಿರುಗಿಸಿ ನೋಡಿ, ಇವತ್ತು ಇದು ಎಲೆ ಎಂದು ಹೇಳಿ ಒಂದು ಡಬ್ಬಿಯೊಳಗೆ ಹಾಕಿದರು. ಆಮೇಲೆ ನನ್ನ ಬೂಟುಗಳನ್ನು ಒಳಗೆ ಒಯ್ದು, ಅಡಿಗೆ ಅಂಟಿದ್ದ ಹುಬ್ಬಳ್ಳಿಯ ಮಣ್ಣನ್ನೆಲ್ಲ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಊರಿನಲ್ಲಿ ಇಷ್ಟು ಮರ್ಯಾದೆ ನನ್ನ ಬೂಟಿಗೆ ಎಂದೂ ಸಿಕ್ಕಿರಲಿಲ್ಲ.

ನಾನು ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಬಾಟಲಿಗಳ ಮೇಲೆ ತಾರೀಖು, ವೇಳೆ ಬರೆಯುವುದು ನನ್ನ ಕೆಲಸ. ರಜೆಯಲ್ಲಿಯೂ ಕೈ ಸುಮ್ಮನಿರುವುದಿಲ್ಲ. ಐದು ವಾರ ಅಕ್ಕನ ಮನೆಯಲ್ಲಿ ಇರಲು ಹೊರಟಾಗ ದಿನಚರಿಯ ಹಿಂದಿನ ಪುಟದಲ್ಲಿ ಮೂರು ಸಾಲು ಎಳೆದಿದ್ದೆ: ನೋಡಿದ ಹಾವು, ನೋಡಿದ ಕುರಿ, ಇಲ್ಲಿಯವರು ಮಾತುಮಾತಿಗೂ "ಚಿಂತೆ ಬೇಡ" ಎಂಬ ಅರ್ಥದಲ್ಲಿ ಹೇಳುವರೆಂದು ಅಕ್ಕ ಹೇಳಿದ್ದ, ಕೇಳಿದ "ನೋ ವರೀಸ್". ಈ ದೇಶದಲ್ಲಿ ಹಾವೇ ಇಲ್ಲ ಎಂದು ಅಕ್ಕ ಹೇಳಿದಾಗ ಮೊದಲ ಸಾಲನ್ನು ಹೊಡೆದು ಹಾಕಬೇಕಾಯಿತು. ಹುಲಿಯಿಲ್ಲ, ಚಿರತೆಯಿಲ್ಲ, ಕರಡಿಯಿಲ್ಲ. ಐದು ವಾರ ಹೆದರಿಕೆಯಿಲ್ಲದೆ ಕಳೆಯಬಹುದು ಎಂದುಕೊಂಡೆ.

ತಕಾನಿನಿ

ಸೆಪ್ಟೆಂಬರ್ ೨೯, ರವಿವಾರ. ಆಕ್ಲೆಂಡಿನ ದಕ್ಷಿಣದ ಈ ಬಡಾವಣೆಯ ಅಕ್ಕನ ಮನೆಯಲ್ಲಿ ಎದ್ದು ನೋಡಿದರೆ ನನ್ನ ಕೈಗಡಿಯಾರಕ್ಕೂ ಫೋನಿಗೂ ಒಂದು ಗಂಟೆಯ ವ್ಯತ್ಯಾಸ. ಬೇಸಿಗೆಯ ಬೆಳಕು ಉಳಿಸಲು ಇಲ್ಲಿಯವರು ಇಂದಿನಿಂದ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರಂತೆ. ಕಳೆದುಹೋದ ಆ ಗಂಟೆಯನ್ನು ದಿನಚರಿಯಲ್ಲಿ ಎಲ್ಲಿ ಬರೆಯಬೇಕೆಂದು ಮಾಮಾನನ್ನು ಕೇಳಿದೆ. ಮಾಮಾ ಎಂದರೆ ಅಕ್ಕನ ಗಂಡ, ಬಸವರಾಜ. ಮನುಕಾವ್‌ನ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ನೌಕರಿ.

"ನಮ್ಮವ್ವನ್ನ ಕೇಳು. ಆಕಿ ಹಂತೇಕ ಭದ್ರ ಐತಿ," ಎಂದರು.

ನಿಜ. ದೇವರ ಕೋಣೆಯಲ್ಲಿ ಒಂದು ಗೋಡೆ ಗಡಿಯಾರವಿದೆ. ಮಾಮಾನ ತಾಯಿ ನೀಲವ್ವ, ನಾನು ಅತ್ತಿ ಎಂದು ಕರೆಯುವವರು, ಅದನ್ನು ಊರಿನಿಂದ ತಂದು, ಊರಿನ ವೇಳೆಯಲ್ಲೇ ಇಟ್ಟಿದ್ದಾರೆ. ಮನೆಯ ಉಳಿದ ಕೋಣೆಗಳು ನ್ಯೂಜಿಲೆಂಡಿನಲ್ಲಿವೆ; ಆ ಕೋಣೆ ಮಾತ್ರ ಏಳೂವರೆ ಗಂಟೆ ಹಿಂದೆ, ಹುಬ್ಬಳ್ಳಿಯಲ್ಲಿದೆ. ಪಂಚಾಂಗವೂ ಹುಬ್ಬಳ್ಳಿಯದೇ.

"ದೇವ್ರಿಗೆ ಇವ್ರು ಮುಳ್ಳು ತಿರುವಿದ್ದು ಗೊತ್ತಾಗಾಂಗಿಲ್ಲ," ಎಂಬುದು ಅತ್ತಿಯ ವಾದ.

ಚಹಾ ಕುಡಿಯುವಾಗ ಅಕ್ಕ ಸುದ್ದಿ ಒಡೆದಳು. "ನಿಮ್ಮ ಮಾಮಾ ಹಂದಿ ಬ್ಯಾಟಿಗೆ ಹೊಂಟಾರ. ಬಿಲ್ಲು ಬಾಣ ತಗೊಂಡು."

ನಾನು ನಕ್ಕೆ. ಯಾರೂ ನಗಲಿಲ್ಲ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆ.

ವಿಷಯ ಇಷ್ಟು. ಮಾಮಾನ ಆಫೀಸಿನಲ್ಲಿ ಸೋಮವಾರದ ಚಹಾ ಹೊತ್ತಿಗೆ ಎಲ್ಲರೂ ವಾರಾಂತ್ಯದಲ್ಲಿ ಏನು ಮಾಡಿದೆವೆಂದು ಹೇಳಿಕೊಳ್ಳುತ್ತಾರೆ. ಒಬ್ಬ ಮೀನು ಹಿಡಿದಿರುತ್ತಾನೆ, ಒಬ್ಬಳು ಬೆಟ್ಟ ಹತ್ತಿರುತ್ತಾಳೆ. ಮಾಮಾ ಆರು ವರ್ಷದಿಂದ "ರೆಸ್ಟ್ ತಗೊಂಡೆ" ಎನ್ನುತ್ತ ಬಂದಿದ್ದರು. ಆರು ವರ್ಷದಲ್ಲಿ ಆಫೀಸಿನ ಯಾರೊಬ್ಬರೂ ಅವರನ್ನು ಎಲ್ಲಿಗೂ ಕರೆದಿರಲಿಲ್ಲ. ಪಕ್ಕದ ಮೇಜಿನ ಗ್ರಾಂಟ್, ತನ್ನ ಜಮೀನಿಗೆ ಒಂದು ದೊಡ್ಡ ಕಾಡುಹಂದಿ ನುಗ್ಗಿ ಹುಲ್ಲುಗಾವಲನ್ನೆಲ್ಲ ಅಗೆದು ಹಾಕಿದೆ, ನಾಯಿಯನ್ನೂ ತಿವಿದಿದೆ ಎಂದು ಹೇಳುತ್ತಿದ್ದಾಗ, ಮಾಮಾನ ಬಾಯಿಂದ ಒಂದು ವಾಕ್ಯ ಜಾರಿತು: "ನಮ್ಮ ಮನೆತನದಲ್ಲಿ ಹಂದಿಯನ್ನು ಬಿಲ್ಲಿನಿಂದಲೇ ಹೊಡೆಯುವುದು."

ಅವರು ಬಿಲ್ಲು ಹಿಡಿದದ್ದು ಜೀವನದಲ್ಲಿ ಒಂದೇ ಸಲ, ಏಳನೇ ಇಯತ್ತೆಯ ಗ್ಯಾದರಿಂಗಿನ ನಾಟಕದಲ್ಲಿ. ಅದು ಬಿದಿರಿನದು.

ಗ್ರಾಂಟ್ ಚಹಾದ ಕಪ್ಪು ಕೆಳಗಿಟ್ಟು, ಅಕ್ಟೋಬರ್ ಹನ್ನೆರಡರ ಶನಿವಾರ ಬೆಳಿಗ್ಗೆ ಆರಕ್ಕೆ ಬಾ ಎಂದು ಕರೆದ.

"ಇಲ್ಲಂದ್ರ ಆತು," ಎಂದೆ.

"ಇಲ್ಲಂದ್ರ ಮತ್ತ ಆರು ವರ್ಷ ಯಾರೂ ಕರಿಯಾಂಗಿಲ್ಲ, ಸ್ನೇಹಾ," ಎಂದರು ಮಾಮಾ. ಆ ಮಾತನ್ನು ಅವರು ನಗುತ್ತ ಹೇಳಲಿಲ್ಲ.

ಡ್ರೂರಿಯ ಶೆಡ್ಡು

ಅಕ್ಟೋಬರ್ ೧, ಮಂಗಳವಾರ. ಬಿಲ್ಲಿನ ಅಂಗಡಿ ಪೇಟೆಯಲ್ಲಿಲ್ಲ. ಡ್ರೂರಿಯ ಹತ್ತಿರ ಒಂದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದೆ. ಅಂಗಡಿಯಾಕೆ ಶೆರಿಲ್, ಅರವತ್ತರ ಸುಮಾರಿನವರು, ಮಾಮಾನಿಗಿಂತ ಒಂದು ಗೇಣು ಎತ್ತರ. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಖದಲ್ಲಿ ಒಂದು ಗೆರೆಯೂ ಕದಲದೆ ಮಾತಾಡುತ್ತಾರೆ ಎಂಬುದನ್ನು ಓದುಗರೇ ಸೇರಿಸಿಕೊಳ್ಳಬೇಕು.

"ಏನನ್ನು ಹೊಡೆಯಬೇಕು?"

"ಕಾಡುಹಂದಿ," ಎಂದರು ಮಾಮಾ.

"ಹಂದಿಗೆ ಗೊತ್ತೇ?"

ಶೆರಿಲ್ ಮಾಮಾನ ಎರಡೂ ಕೈಗಳನ್ನು ಅಗಲಿಸಿ, ದರ್ಜಿಯ ಹಾಗೆ ಟೇಪು ಹಿಡಿದು ಅಳೆದರು. ಆಮೇಲೆ ಮೇಜಿನ ಮೇಲೆ ಎರಡು ನಮೂನೆಯ ಬಿಲ್ಲು ಇಟ್ಟರು. ಒಂದು ಉದ್ದನೆಯ ನೇರ ಬಿಲ್ಲು, ನೋಡಲು ಬಟ್ಟೆ ಒಣಹಾಕುವ ಗಳದಂತೆ. ಇನ್ನೊಂದು ಗಿಡ್ಡ, ತುದಿಗಳು ಮೀಸೆಯಂತೆ ಆಚೆಗೆ ಬಾಗಿದ್ದವು. ಪೊದೆಯೊಳಗೆ ಉದ್ದನೆಯದು ಸಿಕ್ಕಿಕೊಳ್ಳುತ್ತದೆ, ಗಿಡ್ಡದು ವಾಸಿ ಎಂದರು ಶೆರಿಲ್. ಮಾಮಾ ಎರಡನ್ನೂ ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿದರು. ತೆಂಗಿನಕಾಯಿ ಆರಿಸುವಾಗ ಅವರು ಮಾಡುವುದು ಹಾಗೆಯೇ.

ಇಲ್ಲಿಂದ ಮುಂದೆ ನಾನು ಟಿಪ್ಪಣಿ ಬರೆದುಕೊಂಡೆ. ಬಿಲ್ಲನ್ನು ಪೌಂಡಿನಲ್ಲಿ ತೂಗುತ್ತಾರೆ. ಅದು ಬಿಲ್ಲಿನ ತೂಕವಲ್ಲ, ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾಗುವ ಬಲ. ಕಾಡುಹಂದಿಯ ಭುಜದ ಮೇಲೆ ಟೈರಿನಂಥ ದಪ್ಪ ಚರ್ಮವಿರುತ್ತದೆ. ಹಗುರವಾದ ಬಾಣ ಅದಕ್ಕೆ ತುರಿಕೆ ಕಳೆದಂತೆ. ಆದ್ದರಿಂದ ಬಾಣ ಭಾರವಿರಬೇಕು, ಅದರಲ್ಲೂ ಮುಂಭಾಗ ಭಾರವಿರಬೇಕು. ಬಾಣದ ಮೊನೆ ಎರಡೇ ಅಲಗಿನದು, ಮುಂಗೈ ಕೂದಲು ಬೋಳಿಸುವಷ್ಟು ಹರಿತ. ಹಿಂದೆ ನಿಜವಾದ ಹಕ್ಕಿಗರಿ. ಹೆದೆಯ ಸದ್ದಿಗೆ ಹಂದಿ ಬೆದರದಂತೆ ಅದಕ್ಕೆ ಎರಡು ಕಡೆ ಉಣ್ಣೆಯ ಗೊಂಡೆ ಕಟ್ಟಬೇಕು.

"ಕನಿಷ್ಠ ಎಷ್ಟು ಪೌಂಡು?" ನಾನು ಕೇಳಿದೆ.

"ಹಂದಿಗೆ ನಲವತ್ತೈದು. ಈ ಮನುಷ್ಯನಿಗೆ ಮೂವತ್ತು."

ಮಾಮಾ ಮೂವತ್ತನ್ನು ಎಳೆದರು, ಬಂತು. ನಲವತ್ತನ್ನು ಎಳೆದರು; ಅದು ಬಂತು, ಅವರ ಕಣ್ಣುಗಳೂ ಹೊರಗೆ ಬಂದವು. ಐವತ್ತನ್ನು ಎಳೆದಾಗ ಹೆದೆ ಅರ್ಧಕ್ಕೆ ನಿಂತಿತು. ಮಾಮಾ ಮಾತ್ರ ನಡುಗುತ್ತಿದ್ದರು.

"ಆರು ತಿಂಗಳು ಮೂವತ್ತರಲ್ಲಿ ಅಭ್ಯಾಸ ಮಾಡು," ಎಂದರು ಶೆರಿಲ್. "ಬೇಟೆ ಯಾವಾಗ?"

"ಮುಂದಿನ ಶನಿವಾರ ಬಿಟ್ಟು ಅದರ ಮುಂದಿನದು... ಅಲ್ಲ, ಈ ಶನಿವಾರ ಬಿಟ್ಟು ಮುಂದಿನದು."

"ಹಾಗಾದರೆ ನಿನಗೆ ಬೇಕಾದದ್ದು ಬಿಲ್ಲಲ್ಲ. ಹತ್ತಲು ಒಂದು ಮರ."

ಮಾಮಾ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರು: "ಮೂವತ್ತು, ನಲವತ್ತು, ಐವತ್ತು, ಎಲ್ಲಾಕೂ ಒಂದ ರೇಟು ಹಚ್ಚ್ಯಾಳ. ಹಂಗಿದ್ದ ಮ್ಯಾಲ ಸಣ್ಣದು ಯಾಂವ ತಗೋತಾನ?"

ಹೀಗೆ ಐವತ್ತು ಪೌಂಡಿನ ಬಿಲ್ಲು ನಮ್ಮದಾಯಿತು. ಹೆಚ್ಚುವರಿಯಾಗಿ ಒಂದು ಬಟ್ಟೆಯ ಚೀಲ ಪುಕ್ಕಟೆ ಸಿಗುತ್ತದೆಯೇ ಎಂದು ಮಾಮಾ ಕೇಳಿದರು. ಶೆರಿಲ್ ಸ್ವಲ್ಪ ಯೋಚಿಸಿ ಕೊಟ್ಟರು. ಆದರೆ ಒಂದು ಷರತ್ತು ಹಾಕಿದರು: ಜೊತೆಯಲ್ಲಿ ಬಂದೂಕು ಇರುವವನೊಬ್ಬ ಇಲ್ಲದೆ ಆ ಹಂದಿಯ ಹತ್ತಿರ ಹೋಗಕೂಡದು. ಮಾಮಾ ಬೇಗನೆ ಒಪ್ಪಿದರು. ಅವರು ಅಷ್ಟು ಬೇಗ ಒಪ್ಪಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಿತ್ತಲು

ಅಕ್ಟೋಬರ್ ೨ರಿಂದ ೧೦. ತಕಾನಿನಿಯ ಹೊಸ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಹಿತ್ತಲು ಎಂದರೆ ಎರಡು ಚಾಪೆ ಹಾಸುವಷ್ಟು ಜಾಗ. ಬಾಣ ಬೇಲಿ ದಾಟದಿರಲೆಂದು ಮಾಮಾ ಮೊಂಡ ಮೊನೆ ಸಿಕ್ಕಿಸಿ, ಬಟ್ಟೆ ಒಣಗಿಸುವ ತಂತಿಗೆ ಒಂದು ಕೌದಿ ತೂಗುಹಾಕಿದರು.

ಒಂಬತ್ತು ದಿನದ ಲೆಕ್ಕ: ಬಿಟ್ಟ ಬಾಣ ನಲವತ್ತೊಂದು. ಕೌದಿ ಮುಟ್ಟಿದ್ದು ಹದಿನಾರು. ಕೌದಿಗೆ ಬಿದ್ದ ತೂತು ಸೊನ್ನೆ.

"ನಮ್ಮವ್ವ ಹೊಲದಿದ್ದು ಅದು," ಎಂದು ಅತ್ತಿ ಬಾಗಿಲಲ್ಲಿ ನಿಂತು ಹೇಳಿದರು. "ಏಳು ಸೀರಿ ಒಳಗ ಅದಾವ. ಹಂದಿ ಮ್ಯಾಲ ಬಿಡು ನಿನ್ನ ಬಾಣ, ನಮ್ಮವ್ವನ ಮ್ಯಾಲ ಅಲ್ಲ."

ಬೈದರೂ, ಹೆದೆಗೆ ಗೊಂಡೆ ಕಟ್ಟಿದ್ದು ಅವರೇ. ಸ್ವೆಟರಿನಲ್ಲಿ ಉಳಿದ ಕೆಂಪು, ಹಳದಿ ಉಣ್ಣೆಯಿಂದ ಮಾಡಿದ ಆ ಗೊಂಡೆಗಳನ್ನು ಕಟ್ಟಿದ ಮೇಲೆ ಬಿಲ್ಲು ಕಾರಹುಣ್ಣಿಮೆಯ ಎತ್ತಿನ ಕೊಂಬಿನಂತೆ ಕಂಡಿತು.

ಪಕ್ಕದ ಮನೆಯ ಮುದುಕರೊಬ್ಬರು ಬೇಲಿಯ ಮೇಲಿಂದ ಇಣುಕಿ, ಬಾಣ ಹೊಡೆದರೆ ಬಟ್ಟೆ ಬೇಗ ಒಣಗುತ್ತದೆಯೇ ಎಂದು ಕೇಳಿದರು. ಕುತೂಹಲವೇ ಹೊರತು ತಕರಾರಲ್ಲ. ನಮ್ಮ ಓಣಿಯಲ್ಲಾಗಿದ್ದರೆ ಇಷ್ಟರಲ್ಲಿ ಇಪ್ಪತ್ತು ಮಂದಿ ಸೇರಿ, ಅದರಲ್ಲಿ ಹತ್ತು ಮಂದಿ ಮಾಮಾನ ಕೈಯಿಂದ ಬಿಲ್ಲು ಕಸಿದುಕೊಂಡು ಹೇಗೆ ಹಿಡಿಯಬೇಕೆಂದು ತೋರಿಸುತ್ತಿದ್ದರು. ಆ ಹತ್ತು ಮಂದಿ ಇಲ್ಲದಿದ್ದುದು ನಷ್ಟವೇ ಎಂದು ಮುಂದೆ ಗೊತ್ತಾಯಿತು. ಆ ಸಂಜೆ ಮಾಮಾ ಬಿಲ್ಲು ಹಿಡಿದು ನಿಂತರು, ನಾನು ಫೋಟೋ ತೆಗೆದೆ, ಮರುದಿನ ಅವರು ಅದನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದರು.

ಆಯುಧ ಪೂಜೆ

ಅಕ್ಟೋಬರ್ ೧೧, ಶುಕ್ರವಾರ. ಈ ದಿನದ ವಿವರವನ್ನು ಮರುದಿನ ಬರೆದದ್ದು. ಪೆನ್ನು ಪೂಜೆಯಲ್ಲಿತ್ತು.

ಇಲ್ಲಿಯ ನಮ್ಮ ಜನ ಹಬ್ಬಗಳನ್ನು ಅನುಕೂಲದ ಶನಿವಾರಕ್ಕೆ ಎಳೆದುಕೊಳ್ಳುತ್ತಾರೆ. ಮಾಮಾನೂ ಹಾಗೆಯೇ ತಿಳಿದಿದ್ದರು. ಅತ್ತಿ ತಿಳಿದಿರಲಿಲ್ಲ. ದೇವರ ಕೋಣೆಯ ಗಡಿಯಾರದಲ್ಲಿ ಮಹಾನವಮಿಯ ಬೆಳಗಾದಾಗ, ಎಂದರೆ ಇಲ್ಲಿ ಮಧ್ಯಾಹ್ನ ಎರಡಕ್ಕೆ, ಅವರು ಮನೆಯ ಆಯುಧಗಳನ್ನೆಲ್ಲ ಒಟ್ಟು ಮಾಡಿದರು. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಅಕ್ಕನ ಲ್ಯಾಪ್‌ಟಾಪು, ಈಳಿಗೆ, ಕಾರಿನ ಕೀಲಿ, ನನ್ನ ಪೆನ್ನು. ಎಲ್ಲದರ ನಡುವೆ, ವಿಭೂತಿ ಬಳಿದುಕೊಂಡು, ಸೇವಂತಿಗೆಯ ಸರ ಹಾಕಿಕೊಂಡು, ಐವತ್ತು ಪೌಂಡಿನ ಬಿಲ್ಲು.

ಸಂಜೆ ಮಾಮಾ ಆಫೀಸಿನಿಂದ ಬಂದು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಅವ್ವಾ, ನಾಳೆ ಬೆಳಿಗ್ಗೆ ಆರಕ್ಕ ಅದು ನನಗ ಬೇಕು."

"ಪೂಜಿಗೆ ಕುಂತೈತಿ. ದಶಮಿ ಹತ್ತೂತನಕ ಎತ್ತಾಂಗಿಲ್ಲ."

"ನಾಳೆ ದಶಮಿನ ಅಲ್ಲೇನು?"

ಅತ್ತಿ ಗಡಿಯಾರದ ಕಡೆ ಬೆರಳು ತೋರಿಸಿದರು. "ನಿಮ್ಮ ಆರಕ್ಕ ಹುಬ್ಬಳ್ಳಿಯೊಳಗ ಇವತ್ತಿನ ರಾತ್ರಿ ಹತ್ತೂವರಿ. ಇನ್ನೂ ನವಮಿ. ದಶಮಿ ಹತ್ತೂದು ನಾಳೆ ಬೆಳಿಗ್ಗೆ ಹತ್ತೂವರಿಗೆ. ಪಂಚಾಂಗ ನೋಡು."

"ನಾವು ಹುಬ್ಬಳ್ಳಿಯೊಳಗ ಇಲ್ಲವ್ವಾ."

"ಬಿಲ್ಲು ಐತಿ."

ಅಕ್ಕ ಒಳಗಿನಿಂದ, "ಕಾರೂ ಇಲ್ಲ ರೀ, ಕೀಲಿ ಅಲ್ಲೇ ಐತಿ," ಎಂದಳು. ಅವಳ ದನಿಯಲ್ಲಿ ಸಮಾಧಾನವಿತ್ತು; ಗಂಡ ಹಂದಿಯ ಬಾಯಿಂದ ಉಳಿದನಲ್ಲ ಎಂದು. ಮಾಮಾ ಮಾತ್ರ ಸೋಫಾದ ತುದಿಯಲ್ಲಿ ಕೂತು ಫೋನನ್ನು ತಿರುವುತ್ತಿದ್ದರು. ಆರು ವರ್ಷಕ್ಕೆ ಬಂದ ಒಂದೇ ಕರೆ. ಹೊಟ್ಟೆನೋವು ಎಂದು ಹೇಳಿ ಎಂದೆ. ಅವರು ಬೇಡವೆಂದು ತಲೆಯಾಡಿಸಿ, ಹಿತ್ತಲಿಗೆ ಹೋಗಿ, ಕೌದಿಯ ಮರೆಯಲ್ಲಿ ನಿಂತು ಫೋನ್ ಮಾಡಿದರು.

"ಗ್ರಾಂಟ್, ಬಿಲ್ಲು ಪ್ರಾರ್ಥನೆಯಲ್ಲಿದೆ."

ಫೋನು ಸ್ಪೀಕರಿನಲ್ಲಿತ್ತು.

"ಯಾವಾಗ ಮುಗಿಸುತ್ತದೆ?"

"ನಾಳೆ ಸಂಜೆ ಆರಕ್ಕೆ."

"ನೋ ವರೀಸ್. ಅದನ್ನು ಅವಸರಪಡಿಸಬೇಡ. ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಹಂದಿ ಮುಸ್ಸಂಜೆಗೂ ಬರುತ್ತದೆ."

ಅದು ನಾನು ಕೇಳಿದ ಅರವತ್ತೆರಡನೆಯ ನೋ ವರೀಸ್. ಮೊದಲ ಸಲ ಅದಕ್ಕೆ ಅರ್ಥವಿದೆ ಅನ್ನಿಸಿತು.

ಪೋರ್ಟ್ ವೈಕಾಟೊದ ದಾರಿ

ಅಕ್ಟೋಬರ್ ೧೨, ಶನಿವಾರ. ಐದೂ ಮುಕ್ಕಾಲಿಗೆ ಗ್ರಾಂಟ್ ತನ್ನ ಯೂಟ್ ತಂದು ನಿಲ್ಲಿಸಿದ. ಯೂಟ್ ಎಂದರೆ ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿಯಿರುವ ಗಾಡಿ. ಇಲ್ಲಿಯ ಗಂಡಸರು ಖಾಲಿ ತೊಟ್ಟಿಯನ್ನೂ ಹೆಮ್ಮೆಯಿಂದ ಓಡಿಸುತ್ತಾರೆ. ಐವತ್ತರ ಮನುಷ್ಯ, ಈ ಚಳಿಯಲ್ಲಿಯೂ ಗಿಡ್ಡ ಚಡ್ಡಿ. ನಾವು ಹೇಳುವ ಮೊದಲೇ ರಬ್ಬರು ಬೂಟುಗಳನ್ನು ಹೊಸಲಾಚೆ ಬಿಟ್ಟು ಒಳಗೆ ಬಂದ. ಈ ದೇಶದಲ್ಲೂ ಹಾಗೆಯೇ ಮಾಡುತ್ತಾರೆ ಎಂಬುದನ್ನು ಕಂಡು ಅತ್ತಿಯ ಮುಖ ಸಡಿಲವಾಯಿತು. ದೇವರ ಕೋಣೆಯ ಗಡಿಯಾರದ ಎದುರು ನೆಲದ ಮೇಲೆ ಕೂತು, ಹತ್ತೂವರೆ ಆಗುವವರೆಗೆ ಅವನು ಮೂರು ಹೋಳಿಗೆ ತಿಂದ. ಅದರ ಮೇಲೆ ತುಪ್ಪ ಹಾಕಿದಷ್ಟೂ ಬೇಡ ಎನ್ನಲಿಲ್ಲ.

ಮುಳ್ಳು ಹತ್ತೂವರೆ ಮುಟ್ಟಿತು. ಅತ್ತಿ ಬಿಲ್ಲನ್ನು ಎತ್ತಿ ಮಗನಿಗೆ ಕೊಟ್ಟು, "ನಾನೂ ಬರ್ತೀನಿ," ಎಂದರು. ಕೈಯಲ್ಲಿ ಒಂದು ಕುಂಬಳಕಾಯಿ ಇತ್ತು. ಹಿಂದಿನ ವರ್ಷ ಮನೆಯೆದುರು ಒಡೆದ ಕುಂಬಳದ ಮೇಲೆ ಅಂಚೆಯವಳು ಜಾರಿ ಬಿದ್ದಿದ್ದಳು. ಅಕ್ಕ ಈ ವರ್ಷ ಬೀದಿಯಲ್ಲಿ ಒಡೆಯಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು. ಯೂಟಿನ ನಾಲ್ಕೂ ಗಾಲಿಗೆ ಲಿಂಬೆಹಣ್ಣು ಇಟ್ಟು, ಮುಂಭಾಗಕ್ಕೆ ಕುಂಕುಮ ಹಚ್ಚಿ, ಕುಂಬಳವನ್ನು ಮಡಿಲಲ್ಲಿಟ್ಟುಕೊಂಡು ಅತ್ತಿ ಮುಂದಿನ ಸೀಟಿನಲ್ಲಿ ಕೂತರು. ಮಾಮಾ, ನಾನು, ಬಿಲ್ಲು ಹಿಂದಿನ ಸೀಟಿನಲ್ಲಿ.

"ಗಾಡಿ ಲಿಂಬೆ ಮೇಲೆ ಹೋಗಬೇಕೇ?" ಗ್ರಾಂಟ್ ಕೇಳಿದ.

"ಹೋಗಲೇಬೇಕು," ಎಂದರು ಮಾಮಾ. ಅವನು ಹೋದ.

ಜಮೀನು ಸಮುದ್ರದ ಕಡೆಯ ಗುಡ್ಡಗಳ ನಡುವೆ. ಹುಲ್ಲುಗಾವಲನ್ನು ಹಂದಿ, ಯಾರೋ ರಂಟೆ ಹೊಡೆದಂತೆ, ಅಗೆದು ಹಾಕಿತ್ತು. ಹೊಲಿಗೆ ಹಾಕಿಸಿಕೊಂಡ ನಾಯಿ ಗಾಡಿಯಿಂದ ಇಳಿದವರನ್ನು ಮೂಸಿ, ಸೀದಾ ಮನೆಯೊಳಗೆ ಹೋಯಿತು. ಅತ್ತಿ ಗೇಟಿನ ಹತ್ತಿರ ಕುಂಬಳವನ್ನು ನಿವಾಳಿಸಿ ಒಡೆದರು. ಇಲ್ಲಿಯ ಕುಂಬಳ ಹೊರಗೆ ನಮ್ಮ ಬೂದುಗುಂಬಳದ ಬಣ್ಣ, ಒಳಗೆ ಕೇಸರಿ. ಅತ್ತಿ ಒಂದು ಕ್ಷಣ ಬೆಚ್ಚಿ, "ಆಗಲಿ," ಎಂದು ಅದರ ಮೇಲೆ ಕುಂಕುಮ ಸುರಿದರು.

ನಾಲ್ವರೂ ನೀರಿನ ಟ್ಯಾಂಕಿನ ಹಿಂದೆ ನಿಂತೆವು. ಗ್ರಾಂಟ್ ಬಂದೂಕನ್ನು ಟ್ಯಾಂಕಿಗೆ ಒರಗಿಸಿಟ್ಟು, ಯೂಟಿನಿಂದ ತನ್ನದೂ ಒಂದು ಬಿಲ್ಲು ತಂದ. ಅಂಗಡಿಯ ಚೀಟಿ ಇನ್ನೂ ಅದಕ್ಕೆ ನೇತಾಡುತ್ತಿತ್ತು. ನಾನು ಆ ಚೀಟಿ ನೋಡುವುದನ್ನು ಅವನು ನೋಡಿ, ಬೇರೆ ಕಡೆ ನೋಡಿದ.

ಹಂದಿ ಬಂದದ್ದು ಏಳೂ ಕಾಲಿಗೆ. ಪೊದೆಯಿಂದ ಇಳಿದು, ಹುಲ್ಲುಗಾವಲನ್ನು ಬಿಟ್ಟು, ನೇರವಾಗಿ ಗೇಟಿನ ಕಡೆ ನಡೆದು ಬಂತು. ನಮ್ಮ ಮನೆಯ ಫ್ರಿಜ್ಜನ್ನು ಅಡ್ಡ ಮಲಗಿಸಿ ಕೂದಲು ಹಚ್ಚಿದರೆ ಅಷ್ಟು ಗಾತ್ರ. ಕೋರೆಗಳು ಕಾಣುತ್ತಿದ್ದವು. ಅದು ಕುಂಬಳವನ್ನು ಮೂಸಿ, ತಿನ್ನತೊಡಗಿತು. ನಮಗೂ ಅದಕ್ಕೂ ಹೆಚ್ಚೆಂದರೆ ಹದಿನೈದು ಹೆಜ್ಜೆ.

ಮಾಮಾ ಬಾಣ ಹೂಡಿದರು. ಹೆದೆ ಅರ್ಧಕ್ಕೆ ಬಂದು ನಿಂತಿತು. ಕೆಂಪು ಹಳದಿ ಗೊಂಡೆಗಳು ನಡುಗುತ್ತಿದ್ದವು. ಆಗ ಅತ್ತಿ ಅವರ ಮೊಳಕೈ ಹಿಡಿದರು.

"ಬ್ಯಾಡ. ಉಣ್ಣಾಕತ್ತೈತಿ."

"ಅವ್ವಾ, ಅದು ಹಂದಿ."

"ಯಾರರ ಆಗ್ಲಿ. ಉಣ್ಣೂವಾಗ ಎಬ್ಬಸಬಾರ್ದು. ಮ್ಯಾಲೆ ದೇವ್ರ ಮುಂದ ಇಟ್ಟ ಕಾಯಿ ಅದು."

ಮಾಮಾ ಹೆದೆ ಸಡಿಲಿಸಿ, ಇದನ್ನು ಪಿಸುಮಾತಿನಲ್ಲಿ ಇಂಗ್ಲಿಷಿಗೆ ತಿರುಗಿಸಿದರು. ಗ್ರಾಂಟ್ ಗಂಭೀರವಾಗಿ ಕೇಳಿ, ಅಮ್ಮ ಹೇಳುವುದು ಸರಿ ಎಂದು ತನ್ನ ಬಿಲ್ಲನ್ನು ಕೆಳಗಿಟ್ಟ. ಆ ಬಿಲ್ಲಿನ ಹೆದೆಯನ್ನು ಅಷ್ಟು ಹೊತ್ತೂ ಅವನು ಒಂದು ಅಂಗುಲವೂ ಎಳೆದಿರಲಿಲ್ಲ. ನಾವು ನಿಂತು, ಒಂದು ಕಾಡುಹಂದಿ ಊಟ ಮುಗಿಸುವುದನ್ನು ನೋಡಿದೆವು. ಬೀಜವನ್ನೂ ಬಿಡಲಿಲ್ಲ. ಕೊನೆಗೆ ಮೂತಿಗೆ ಕುಂಕುಮ ಮೆತ್ತಿಕೊಂಡು ತಲೆಯೆತ್ತಿ ನಮ್ಮ ಕಡೆ ನೋಡಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಅತ್ತಿ ಬೇಲಿಯ ಪಕ್ಕದ, ಮನುಕಾ ಎಂಬ ಇಲ್ಲಿಯ ಕುರುಚಲು ಗಿಡದಿಂದ ಒಂದಷ್ಟು ಎಲೆ ಕಿತ್ತರು. ಬನ್ನಿ ವಿಮಾನ ನಿಲ್ದಾಣದ ಡಬ್ಬಿಯಲ್ಲಿತ್ತು. ಹಬ್ಬ ನಿಲ್ಲುವ ಹಾಗಿರಲಿಲ್ಲ. ಮೊದಲ ಎಲೆಗಳನ್ನು ಗ್ರಾಂಟನ ಅಂಗೈಯಲ್ಲಿಟ್ಟರು.

"ಬಂಗಾರ ತಗೊಂಡು ಬಂಗಾರದಂಗ ಇರೂಣಪಾ."

ಮಾಮಾ ಅದರ ಅರ್ಥ ಹೇಳಿದರು. ಹೇಳಿ ಮುಗಿಸಿದವರು ನಿಲ್ಲಿಸಲಿಲ್ಲ. "ಗ್ರಾಂಟ್, ನಮ್ಮ ಅಜ್ಜನದು ಜವಳಿ ಅಂಗಡಿ. ಅವರು ಹಂದಿಯನ್ನು ಹೊಡೆದದ್ದಿಲ್ಲ. ಗಟಾರದ ಹಂದಿ ಎದುರು ಬಂದರೆ ಅವರೇ ದಾರಿ ಬಿಡುತ್ತಿದ್ದರು."

ಗ್ರಾಂಟ್ ಎಲೆಗಳನ್ನು ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡ.

"ಗೊತ್ತಿತ್ತು. ಫೋಟೋದಲ್ಲಿ ನೀನು ಬಿಲ್ಲನ್ನು ತಲೆಕೆಳಗಾಗಿ ಹಿಡಿದಿದ್ದೆ."

"ಮತ್ತೆ ಇವತ್ತು ಯಾಕೆ ಕರೆದುಕೊಂಡು ಬಂದೆ?"

"ನೀನು ಬರುತ್ತೇನೆಂದೆಯಲ್ಲ," ಎಂದ ಗ್ರಾಂಟ್. ಆಮೇಲೆ ಕುಂಬಳ ಬಿದ್ದಿದ್ದ ಜಾಗವನ್ನು ನೋಡುತ್ತ ಕೇಳಿದ: "ಮುಂದಿನ ಶನಿವಾರ ಏನು ಕೆಲಸವಿದೆ? ಕುಂಬಳ ನಾನು ತರುತ್ತೇನೆ. ಅಮ್ಮನನ್ನು ಕರೆದುಕೊಂಡು ಬಾ."

ಹೊರಡುವ ಮುನ್ನ

ಅಕ್ಟೋಬರ್ ೩೧, ಗುರುವಾರ. ನಾಳೆ ನನ್ನ ವಿಮಾನ. ದಿನಚರಿಯ ಹಿಂದಿನ ಪುಟದ ಒಟ್ಟು ಲೆಕ್ಕ: ಹೊಡೆದ ಹಂದಿ ಸೊನ್ನೆ. ಒಡೆದ ಕುಂಬಳ ಮೂರು. ಮಾಮಾನಿಗೆ ಬಂದ ಕರೆ ಮೂರು, ಅದರಲ್ಲಿ ಎರಡು ಅತ್ತಿಯ ಹೆಸರಿನಲ್ಲಿ. ಹಂದಿ ಹುಲ್ಲುಗಾವಲನ್ನು ಮತ್ತೆ ಅಗೆದಿಲ್ಲ. ಅದು ಕುಂಬಳದ ಗುಣಕ್ಕೋ ಮಣ್ಣು ಒಣಗಿದ್ದಕ್ಕೋ ಹೇಳಲಾರೆ. ಸೋಮವಾರದ ಚಹಾ ಹೊತ್ತಿಗೆ ಮಾಮಾ ಈಗ ರೆಸ್ಟ್ ತಗೊಂಡೆ ಎನ್ನುವುದಿಲ್ಲ. ಶೆರಿಲ್ ಬಿಲ್ಲನ್ನು ಮೂವತ್ತು ಪೌಂಡಿನದಕ್ಕೆ ಬದಲಿಸಿ ಕೊಡುತ್ತೇನೆಂದರು. ಪೂಜೆಯಾದದ್ದನ್ನು ಹಿಂದಕ್ಕೆ ಕೊಡಬಾರದೆಂದು ಅತ್ತಿ ಬಿಡಲಿಲ್ಲ. ಅದು ವಿಭೂತಿ ಸಮೇತ ದೇವರ ಕೋಣೆಗೆ ಮರಳಿದೆ.

ಹಂದಿ ಬೇಟೆಗೆ ಬಿಲ್ಲು ಆರಿಸುವ ವಿಷಯದಲ್ಲಿ ನಾನು ಬರೆದುಕೊಂಡದ್ದೆಲ್ಲ ಮೇಲಿದೆ. ಉಪಯೋಗಿಸಿ ನೋಡಿದವರು ತಪ್ಪಿದ್ದರೆ ತಿದ್ದಿ. ಇನ್ನೊಂದು ಪ್ರಶ್ನೆಗೆ ಮಾತ್ರ ನನಗೆ ಉತ್ತರ ಸಿಕ್ಕಿಲ್ಲ. ಕೌದಿಯ ಮೇಲಲ್ಲದೆ ಬೇರೆ ಯಾವುದರ ಮೇಲೂ ಬಾಣ ಬಿಡದ ಬಿಲ್ಲನ್ನು ಮುಂದಿನ ಮಹಾನವಮಿಗೆ ಮತ್ತೆ ಆಯುಧವೆಂದು ಪೂಜೆಗೆ ಕೂರಿಸಬಹುದೇ? ಪದ್ಧತಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ, ಆದರೆ ಯಾವ ಊರಿನ ವೇಳೆಯ ಪ್ರಕಾರ ಎಂಬುದನ್ನೂ ನಮೂದಿಸಿ. ಉತ್ತರಕ್ಕಾಗಿ ಗ್ರಾಂಟನೂ ಕಾಯುತ್ತಿದ್ದಾನೆ. ಹೋದ ಶನಿವಾರ ಅವನು ತನ್ನ ಬಿಲ್ಲನ್ನೂ ತಂದು, ಬೂಟು ಹೊರಗೆ ಬಿಟ್ಟು, ಮಾಮಾನ ಬಿಲ್ಲಿನ ಪಕ್ಕದಲ್ಲಿ ಒರಗಿಸಿ ಹೋಗಿದ್ದಾನೆ.